ಕುಡಿಯುವ ಬಾವಿ ಇರುವ ತೋಟದಲ್ಲಿ ಕಸ ಎಲ್ಲಿ ಹಾಕುವುದು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾವು ಒಂದು ಹಳೆ ತೋಟದ ಮನೆಗೆ ವಾಸಕ್ಕೆ ಬಂದಿದ್ದೇವೆ. ಕುಡಿಯೋದಕ್ಕೆ, ಅಡುಗೆಗೆ, ದನಗಳಿಗೆ ಎಲ್ಲಕ್ಕೂ ಒಂದೇ ತೆರೆದ ಬಾವಿ. ಹಿಂದೆ ಇದ್ದವರು ಕಸವನ್ನು ಕಂಡ ಕಂಡಲ್ಲಿ ಹಾಕಿದ್ದಾರೆ. ಬಾವಿಯ ಮೇಲ್ಭಾಗಕ್ಕೆ ತಿಪ್ಪೆ ಇದೆ. ಔಷಧಿ ಹೊಡೆಯುವ ಕ್ಯಾನು ತೊಳೆಯೋದು ಬಾವಿಕಟ್ಟೆ ಹತ್ತಿರವೇ. ಶೆಡ್ಡಿನಲ್ಲಿ ಚೀಟಿ ಕಿತ್ತುಹೋದ ಕೀಟನಾಶಕದ ಬಾಟಲಿಗಳು, ಎಂಜಿನ್ನಿನ ಹಳೆ ಆಯಿಲ್ ತುಂಬಿದ ಡಬ್ಬ, ಸತ್ತುಹೋದ ಬ್ಯಾಟರಿ ಇವೆ. ಮೂಲೆಯಲ್ಲಿ ಒಂದು ಬತ್ತಿದ ಬಾವಿ ಬೇರೆ. ಅದರಲ್ಲಿ ಅರ್ಧದವರೆಗೆ ಕಸ ತುಂಬಿದೆ.

ಒಂದು ದೊಡ್ಡ ಗುಂಡಿ ತೋಡಿಸಿ ಎಲ್ಲವನ್ನೂ ಹೂತು ಮೇಲೆ ಮಣ್ಣು ಮುಚ್ಚಿದರೆ ಆಗುತ್ತಾ? ಬಾವಿಯಿಂದ ಎಷ್ಟು ದೂರ ಇರಬೇಕು? ನೀರು ತಿಳಿಯಾಗಿಯೇ ಇದೆ, ರುಚಿಯೂ ಚೆನ್ನಾಗಿದೆ. ಆದರೆ ಮನೆಯಲ್ಲಿ ಮೂರು ತಿಂಗಳ ಕೂಸಿದೆ, ಹಾಗಾಗಿ ಕೇಳುತ್ತಿದ್ದೇನೆ.

ಅಂತರ್ಜಲ

ಮೊದಲು ಕೂಸಿನ ವಿಷಯ, ಕಸದ ಮಾತು ಆಮೇಲೆ. ನೀರಿನ ಪರೀಕ್ಷೆ ಆಗುವವರೆಗೆ ಆ ಬಾವಿಯ ನೀರನ್ನು ಕೂಸಿಗೆ ಕೊಡಬೇಡಿ. ಹಾಲಿನ ಪುಡಿ ಕಲಸೋದಕ್ಕೂ ಬೇಡ. ಕುದಿಸಿ ಆರಿಸಿದ ನೀರೂ ಬೇಡ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ತಿಪ್ಪೆ, ಗೊಬ್ಬರ, ಶೌಚದ ಗುಂಡಿಯಿಂದ ನೆಲಕ್ಕಿಳಿಯುವ ನೈಟ್ರೇಟ್ ಎಂಬ ಸಾರಜನಕದ ಲವಣ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯಾಗುತ್ತದೆ.

ಆರು ತಿಂಗಳೊಳಗಿನ ಮಕ್ಕಳಿಗೆ ಇದು ತುಂಬಾ ಅಪಾಯ. ರಕ್ತಕ್ಕೆ ಆಮ್ಲಜನಕ ಹೊತ್ತೊಯ್ಯುವ ಶಕ್ತಿ ಕುಗ್ಗುತ್ತದೆ, ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲೇ ಇದಕ್ಕೂ ಬಾವಿ ನೀರಿಗೂ ಇರುವ ಸಂಬಂಧವನ್ನು ಬರೆದು ಪ್ರಕಟಿಸಿದರು. ಆ ಲಕ್ಷಣ ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ತಿಳಿನೀರು, ಒಳ್ಳೆ ರುಚಿ ಅನ್ನೋದನ್ನ ನಂಬಿಕೊಂಡು ಕೂರಬೇಡಿ.

ಇನ್ನು ಗುಂಡಿ ತೋಡಿ ಹೂಳೋದು. ದಯವಿಟ್ಟು ಬೇಡ. ಹೂತರೆ ಕಸ ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ಮೇಲೆ ಬಿದ್ದ ಮಳೆನೀರು ಆ ಗುಂಡಿಯ ಮೂಲಕವೇ ಇಳಿಯುತ್ತದೆ, ಕರಗುವುದನ್ನೆಲ್ಲ ಹೊತ್ತುಕೊಂಡು ನೀರಿನ ಮಟ್ಟಕ್ಕೆ ಹೋಗಿ ಸೇರುತ್ತದೆ. ನೀವು ಗುಂಡಿ ತೋಡಿದಾಗ ಸೋಸುವ ಮೇಲ್ಮಣ್ಣನ್ನು ತೆಗೆದು ಕಸವನ್ನು ನೀರಿಗೆ ಇನ್ನಷ್ಟು ಹತ್ತಿರ ಇಟ್ಟಂತೆ ಆಗುತ್ತದೆ. ಗುಂಡಿ ಆಳವಾದಷ್ಟೂ ಕೆಟ್ಟದ್ದು.

ಕೊಟ್ಟಿಗೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಹಿರಿಯರು ಬಾವಿ ಪಕ್ಕದಲ್ಲೇ ಕೊಟ್ಟಿಗೆ, ಅದರ ಹಿಂದೆ ತಿಪ್ಪೆ ಇಟ್ಟುಕೊಂಡು ಬದುಕಿದರು. ಯಾರಿಗೂ ಏನೂ ಆಗಲಿಲ್ಲ. ಮಣ್ಣು ಎಲ್ಲವನ್ನೂ ಸೋಸುತ್ತದೆ. ಸಗಣಿಯನ್ನೂ ವಿಷದ ಹಾಗೆ ನೋಡಬೇಕಾ?

ಅಂತರ್ಜಲ

ಕೊಟ್ಟಿಗೆಯವರೇ, ಬೇಜಾರು ಯಾಕೆ, ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಮಣ್ಣು ಸೋಸುತ್ತದೆ, ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಅಲ್ಲ. ರೋಗಾಣುಗಳನ್ನು ಒಣಗಿದ, ನಯವಾದ ಮಣ್ಣು ಚೆನ್ನಾಗಿ ತಡೆಯುತ್ತದೆ. ಅವು ಕಣಗಳಿಗೆ ಅಂಟಿಕೊಂಡು ಅಲ್ಲೇ ಸಾಯುತ್ತವೆ. ನೈಟ್ರೇಟ್ ಹಾಗಲ್ಲ. ಜೇಡಿಮಣ್ಣಿನ ಕಣಕ್ಕೂ ಋಣ ವಿದ್ಯುದಂಶ, ನೈಟ್ರೇಟಿಗೂ ಋಣ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಗಿಡದ ಬೇರು ಹೀರಿಕೊಳ್ಳದೆ ಉಳಿದದ್ದು ನೀರಿನ ಜೊತೆ ಇಳಿದೇ ಇಳಿಯುತ್ತದೆ. ಮಣ್ಣು ಮರಳಾಗಿದ್ದರೆ, ಇಲ್ಲವೇ ಕೆಳಗೆ ಬಿರುಕು ಬಿಟ್ಟ ಬಂಡೆ ಇದ್ದರೆ ರೋಗಾಣುವೂ ಸೋಸದೆ ನೇರ ಹೋಗಿಬಿಡುತ್ತದೆ.

ಕೆನಡಾದ ವಾಕರ್ಟನ್ ಊರಿನಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ಇ. ಕೋಲಿ ಸೂಕ್ಷ್ಮಾಣು ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಊರಿನ ನೀರಿಗೆ ಸಾಕಷ್ಟು ಕ್ಲೋರಿನ್ ಕೂಡ ಹಾಕಿರಲಿಲ್ಲ. 7 ಜನ ತೀರಿಕೊಂಡರು, 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಆಮೇಲೆ ನಡೆದ ತನಿಖೆಯಲ್ಲಿ ಆ ಹೊಲದ ರೈತನದ್ದು ತಪ್ಪಿಲ್ಲ ಅಂತ ಬಂತು. ಆತ ಗೊಬ್ಬರವನ್ನು ಕ್ರಮವಾಗಿಯೇ ಬಳಸಿದ್ದ. ಬಾವಿ ಇದ್ದ ಜಾಗ, ಕೆಳಗಿನ ಬಿರುಕು ಬಂಡೆ, ಸುರಿದ ಮಳೆ ಸೇರಿ ಅನಾಹುತ ಆಯಿತು. ನಾನು ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಸಗಣಿ ವಿಷ ಅಲ್ಲ, ಅದು ಚಿನ್ನದಂಥ ಗೊಬ್ಬರ. ಅದು ಇರಬೇಕಾದ ಜಾಗ ಬಾವಿಯ ಮೇಲ್ಭಾಗ ಅಲ್ಲ, ಅಷ್ಟೇ.

ಇನ್ನೊಂದು ಮಾತು. ಹಿಂದಿನವರು ಕೈಯಲ್ಲಿ ಸೇದುತ್ತಿದ್ದರು. ಈಗ ಮೋಟಾರು ಹಾಕಿ ಗಂಟೆಗಟ್ಟಲೆ ಎತ್ತುತ್ತೇವೆ. ಹಾಗೆ ಎತ್ತಿದಾಗ ಬಾವಿಯ ನೀರಿನ ಮಟ್ಟ ಕೆಳಗಿಳಿದು ಸುತ್ತಲಿನ ನೀರೆಲ್ಲ ಬಾವಿಯ ಕಡೆಗೆ ಎಳೆಯಲ್ಪಡುತ್ತದೆ. ಮೊದಲು ಬೇರೆ ದಿಕ್ಕಿಗೆ ಹರಿಯುತ್ತಿದ್ದ ಕೊಳೆ ಕೂಡ ಬಾವಿಗೆ ತಿರುಗಬಹುದು.

ತೋಟದಮನೆ

ತುಂಬಾ ಧನ್ಯವಾದ ಸರ್. ಕೂಸಿಗೆ ಬೇರೆ ಕಡೆಯಿಂದ ನೀರು ತರಿಸಲು ಶುರು ಮಾಡಿದ್ದೇವೆ. ದೂರದ ಲೆಕ್ಕ ಮಾತ್ರ ಇನ್ನೂ ಗೊತ್ತಾಗಲಿಲ್ಲ. ತಿಪ್ಪೆ ಎಷ್ಟು ದೂರಕ್ಕೆ ಹೋಗಬೇಕು?

ಇಳಿಜಾರು

ಬಾವಿ ಕೆಲಸ ಮಾಡುವವನಾಗಿ ಹೇಳುತ್ತೇನೆ. ಎಲ್ಲರೂ ಮೊದಲು ಕೇಳೋದು ಎಷ್ಟು ಅಡಿ ಅಂತ. ನಾನು ಮೊದಲು ನೋಡೋದು ಇಳಿಜಾರು. ಜೋರು ಮಳೆ ಬರುವಾಗ ಒಮ್ಮೆ ಕೊಡೆ ಹಿಡಿದು ಬಾವಿ ಸುತ್ತ ನಡೆದು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಬಾವಿಕಟ್ಟೆಗೆ ತಾಗುತ್ತದಾ? ಇಷ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಕಸ, ಗೊಬ್ಬರ, ಶೌಚಗುಂಡಿ ಏನೇ ಇದ್ದರೂ ಬಾವಿಯ ಕೆಳಗಿನ ಇಳಿಜಾರಿನಲ್ಲಿರಲಿ.

ಅಂಕಿ ಬೇಕು ಅಂದರೆ, ಶೌಚದ ಗುಂಡಿ ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಳೆಗಾಲದಲ್ಲಿ ನೀರು ಮೇಲೆ ಬರುತ್ತದಲ್ಲ, ಆಗಿನ ಮಟ್ಟದ ಲೆಕ್ಕ ಹಿಡಿಯಬೇಕು. ಗೊಬ್ಬರ, ಕೀಟನಾಶಕ ಇಡುವ ಜಾಗಕ್ಕೂ 30 ಮೀಟರಿಗಿಂತ ಕಡಿಮೆ ಬೇಡ. ಬಯಲಲ್ಲಿ ರಾಶಿ ಹಾಕಿದ ತಿಪ್ಪೆ ಇನ್ನೂ ದೂರ ಇರಬೇಕು, 75 ಮೀಟರ್ ಸಿಕ್ಕರೆ ಒಳ್ಳೆಯದು. ಬಿರುಕು ಬಂಡೆಯ ನೆಲದಲ್ಲಿ ಈ ದೂರವೂ ಸಾಲದೆ ಬರಬಹುದು, ಯಾಕಂದ್ರೆ ಬಂಡೆಯ ಸಂದಿನಲ್ಲಿ ನೀರು ಸೋಸದೆ ಓಡುತ್ತದೆ.

ಬಾವಿಯನ್ನೂ ಒಮ್ಮೆ ನೋಡಿಕೊಳ್ಳಿ. ಕಟ್ಟೆ ಬಿರುಕು ಬಿಟ್ಟಿದೆಯಾ, ಸುತ್ತಲಿನ ಗಾರೆ ನೆಲ ಹೊರಮುಖವಾಗಿ ಇಳಿಜಾರಿದೆಯಾ, ಚೆಲ್ಲಿದ ನೀರು ಹೋಗೋಕೆ ಮೋರಿ ಇದೆಯಾ? ಒಳಗೋಡೆಯ ಮೇಲಿನ ಭಾಗ ಗಾರೆಯಿಂದ ಬಿಗಿಯಾಗಿರಬೇಕು. ಇಲ್ಲದಿದ್ದರೆ ಬಚ್ಚಲು ನೀರು ಕಲ್ಲಿನ ಸಂದಿಯಲ್ಲೇ ವಾಪಸ್ ಬಾವಿಗೆ ಬೀಳುತ್ತದೆ. ಮೇಲೆ ಮುಚ್ಚಳ ಹಾಕಿಸಿ. ಕೊಳವೆಬಾವಿ ಇರುವವರು ಕೇಸಿಂಗ್ ಪೈಪು ನೆಲದಿಂದ ಒಂದಡಿಯಾದರೂ ಮೇಲಿರುವಂತೆ, ಅದರ ಬಾಯಿ ಮುಚ್ಚಿರುವಂತೆ ನೋಡಿಕೊಳ್ಳಿ.

ಸಿಂಪರಣೆ

ಬಾವಿಕಟ್ಟೆ ಹತ್ತಿರ ಔಷಧಿ ಕ್ಯಾನು ತೊಳೆಯೋದು ಅಂತ ಓದಿ ಜೀವ ಝಲ್ ಅಂತು. ಇವತ್ತೇ ನಿಲ್ಲಿಸಿ. ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಯುರೋಪಿನಲ್ಲಿ ಕುಡಿಯುವ ನೀರಿಗೆ ಯಾವುದೇ ಒಂದು ಕೀಟನಾಶಕದ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ. ಅಂದರೆ ಒಂದೇ ಒಂದು ಗ್ರಾಂ ವಿಷವನ್ನು ಆ ಮಟ್ಟಕ್ಕೆ ಇಳಿಸೋಕೆ 1 ಕೋಟಿ ಲೀಟರ್ ನೀರು ಬೇಕು. ಬಾಟಲಿ ಖಾಲಿ ಅಂತ ನಾವು ಎಸೆಯುವಾಗ ಅದರ ಗೋಡೆಗೆ, ಮುಚ್ಚಳಕ್ಕೆ ಅಂಟಿಕೊಂಡಿರುವುದು ಒಂದು ಗ್ರಾಮಿಗಿಂತ ಜಾಸ್ತಿಯೇ ಇರುತ್ತದೆ.

ಬಾಟಲಿಯನ್ನು ಮೂರು ಸಲ ತೊಳೆಯುವ ಕ್ರಮ ಹೀಗಿದೆ. ಔಷಧಿಯನ್ನು ಸಿಂಪರಣೆ ಟ್ಯಾಂಕಿಗೆ ಸುರಿದ ಮೇಲೆ ಬಾಟಲಿಯನ್ನು ಅರ್ಧ ನಿಮಿಷ ಬೋರಲು ಹಿಡಿಯಿರಿ. ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿ, ಆ ನೀರನ್ನೂ ಅದೇ ಟ್ಯಾಂಕಿಗೆ ಸುರಿಯಿರಿ. ಹೀಗೆ ಮೂರು ಸಲ. ತೊಳೆದ ನೀರು ನೆಲಕ್ಕೆ ಬೀಳೋದೇ ಇಲ್ಲ, ಬೆಳೆಗೇ ಹೋಗುತ್ತದೆ, ನೀವು ದುಡ್ಡು ಕೊಟ್ಟ ಔಷಧಿಯೂ ಹಾಳಾಗುವುದಿಲ್ಲ. ಆಮೇಲೆ ಬಾಟಲಿಗೆ ತೂತು ಮಾಡಿ, ಯಾರೂ ಮತ್ತೆ ಎಣ್ಣೆಗೋ ನೀರಿಗೋ ಬಳಸದಂತೆ. ಟ್ಯಾಂಕು ತೊಳೆದ ನೀರನ್ನೂ ಹೊಲದಲ್ಲೇ, ಅದೇ ಬೆಳೆಯ ಮೇಲೆ ತೆಳುವಾಗಿ ಹೊಡೆದು ಮುಗಿಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರೋದಿಲ್ಲ. ಟ್ಯಾಂಕು ತುಂಬಿಸುವಾಗ ಮೋಟಾರಿನ ಪೈಪಿನ ತುದಿಯನ್ನು ಔಷಧಿ ನೀರಿನೊಳಗೆ ಮುಳುಗಿಸಿ ಬಿಡುತ್ತೇವೆ. ಆ ಹೊತ್ತಿಗೆ ಕರೆಂಟು ಹೋಯಿತು ಅಂದ್ಕೊಳ್ಳಿ. ಪೈಪಿನಲ್ಲಿದ್ದ ನೀರು ಬಾವಿಗೆ ವಾಪಸ್ ಇಳಿಯುವಾಗ ಟ್ಯಾಂಕಿನ ವಿಷವನ್ನೂ ಎಳೆದುಕೊಂಡು ಹೋಗಬಹುದು. ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಯಲ್ಲಿರಲಿ. ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಸಿಗುತ್ತದೆ, ಅದನ್ನೂ ಹಾಕಿಸಿ. ಇನ್ನೂ ಒಳ್ಳೆಯದು ಅಂದರೆ ನೀರನ್ನು ಡ್ರಮ್ಮಿನಲ್ಲಿ ಹೊಲಕ್ಕೆ ಒಯ್ದು ಅಲ್ಲೇ ಔಷಧಿ ಬೆರೆಸೋದು.

ಬದುಬೇಲಿ

ಇಷ್ಟೆಲ್ಲ ಯಾಕೆ ತಲೆಬಿಸಿ? ಬಾಟಲಿ, ಪ್ಲಾಸ್ಟಿಕ್, ಹಳೆ ಔಷಧಿ ಎಲ್ಲ ಒಟ್ಟು ಹಾಕಿ ಬೆಂಕಿ ಕೊಟ್ಟರೆ ಮುಗಿಯಿತಲ್ಲ. ಬೂದಿ ಮಾತ್ರ ಉಳಿಯುತ್ತದೆ.

ಸಿಂಪರಣೆ

ಮುಗಿಯುವುದಿಲ್ಲ ಅಣ್ಣ. ಬಯಲು ಬೆಂಕಿಯ ಬಿಸಿ ಸಾಕಾಗೋದಿಲ್ಲ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಬರುತ್ತದೆ, ಕೀಟನಾಶಕ ಅರೆಬೆಂದು ಹೊಗೆಯಾಗಿ ನಿಂತವರ ಎದೆಗೇ ಹೋಗುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸುಟ್ಟರೂ ನಾಶವಾಗೋದಿಲ್ಲ. ಅವು ಬೂದಿಯಲ್ಲಿ ಉಳಿದು ಮಳೆ ಬಂದಾಗ ನೆಲಕ್ಕಿಳಿಯುತ್ತವೆ. ಗೆದ್ದಲು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ದ್ರಾವಣ ಕುಡಿಸಿದ ಮರದ ಕಂಬಗಳಿರುತ್ತವೆ. ಅಂಥ ಮರ ಸುಟ್ಟ ಬೂದಿಯಲ್ಲಿ ಆರ್ಸೆನಿಕ್ ಇರುತ್ತದೆ. ಅದನ್ನು ಗಿಡದ ಬುಡಕ್ಕೆ ಹಾಕಿದರೆ ಏನಾಗುತ್ತೆ ಯೋಚನೆ ಮಾಡಿ. ಬರೀ ಒಣಕಟ್ಟಿಗೆ, ಒಣ ಎಲೆಯ ಬೂದಿ ಬೇರೆ, ಇದು ಬೇರೆ.

ತೋಟದಮನೆ

ಹಾಗಾದರೆ ಚೀಟಿ ಇಲ್ಲದ ಬಾಟಲಿಗಳನ್ನು ಏನು ಮಾಡಲಿ? ಮುಚ್ಚಳ ತೆಗೆದು ವಾಸನೆ ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ ಅಂತ ಕೆಲಸದವರು ಹೇಳಿದರು.

ಸಿಂಪರಣೆ

ಬೇಡವೇ ಬೇಡ! ಮುಚ್ಚಳ ತೆಗೆಯಬೇಡಿ, ಮೂಸಬೇಡಿ, ಎರಡು ಬಾಟಲಿಯದ್ದು ಒಂದಕ್ಕೆ ಸುರಿಯಬೇಡಿ. ಕೈಗವಸು ಹಾಕಿಕೊಂಡು ಬಾಟಲಿಗಳನ್ನು ಹಾಗೇ ನೆಟ್ಟಗೆ ಒಂದು ಗಟ್ಟಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡಿ. ಸುತ್ತ ಒಣ ಮರಳು ತುಂಬಿ, ಯಾವುದಾದರೂ ಸೋರಿದರೆ ಮರಳು ಹೀರಿಕೊಳ್ಳುತ್ತದೆ. ಡ್ರಮ್ಮಿನ ಮೇಲೆ ದೊಡ್ಡಕ್ಷರದಲ್ಲಿ ‘ವಿಷ, ಮುಟ್ಟಬೇಡಿ’ ಅಂತ ಬರೆದು ಬೀಗ ಹಾಕುವ ಜಾಗದಲ್ಲಿಡಿ. ಆಮೇಲೆ ಕೃಷಿ ಇಲಾಖೆಯನ್ನೋ ಅಪಾಯಕಾರಿ ಕಸ ತೆಗೆದುಕೊಳ್ಳುವವರನ್ನೋ ವಿಚಾರಿಸಿ. ತಕ್ಷಣ ಯಾರೂ ಸಿಗದೇ ಹೋಗಬಹುದು. ಆದರೂ ಬೀಗದೊಳಗೆ ಸುರಕ್ಷಿತವಾಗಿ ಕೂತ ವಿಷ ನೆಲದೊಳಗಿನ ವಿಷಕ್ಕಿಂತ ಎಷ್ಟೋ ವಾಸಿ. ಮುಂದಿನ ಸಲದಿಂದ ಆ ಬೆಳೆಗೆ ಬೇಕಾದಷ್ಟೇ ತನ್ನಿ. ಉಳಿಯದಿದ್ದರೆ ವಿಲೇವಾರಿ ಚಿಂತೆಯೇ ಇಲ್ಲ.

ಗ್ಯಾರೇಜು

ಹಳೆ ಆಯಿಲ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು. ಒಂದು ಗಾಡಿಯಿಂದ ಒಂದು ಸಲ ತೆಗೆದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳುತ್ತದೆ. ಆಯಿಲ್ ಬಳಸಿ ಬಳಸಿ ಎಂಜಿನ್ನಿನ ಲೋಹದ ಸವಕಲು ಎಲ್ಲ ಅದರಲ್ಲಿ ಸೇರಿರುತ್ತದೆ. ಕಂಬಕ್ಕೆ ಬಳಿಯೋದು, ಧೂಳು ಏಳದಂತೆ ಅಂಗಳಕ್ಕೆ ಚಿಮುಕಿಸೋದು, ಕಳೆ ಸಾಯಲಿ ಅಂತ ಸುರಿಯೋದು, ಇದೆಲ್ಲ ಕಡೆಗೆ ಬಾವಿಗೇ ದಾರಿ.

ಮುಚ್ಚಳ ಇರುವ ಕ್ಯಾನಿನಲ್ಲಿ ಆಯಿಲ್ ಮಾತ್ರ ತುಂಬಿ. ಪೆಟ್ರೋಲು, ಬಣ್ಣದ ತಿನ್ನರು, ಔಷಧಿ ಯಾವುದನ್ನೂ ಅದರ ಜೊತೆ ಬೆರೆಸಬೇಡಿ, ಬೆರೆಸಿದರೆ ಅದನ್ನು ಮರುಬಳಕೆಗೆ ಯಾರೂ ತೆಗೆದುಕೊಳ್ಳೋದಿಲ್ಲ. ಶುದ್ಧವಾಗಿದ್ದರೆ ಅದನ್ನೇ ಸಂಸ್ಕರಿಸಿ ಮತ್ತೆ ಆಯಿಲ್ ಮಾಡುತ್ತಾರೆ. ಬ್ಯಾಟರಿಯೊಳಗೆ ಸೀಸ, ಗಂಧಕಾಮ್ಲ ಇರುತ್ತದೆ. ಅದನ್ನು ಉರುಳಿಸದೆ ನೆಟ್ಟಗೆ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು ಬ್ಯಾಟರಿ ಮಾರುವವರಿಗೆ ವಾಪಸ್ ಕೊಡಿ. ಸೀಸಕ್ಕೆ ಬೆಲೆ ಇರುವುದರಿಂದ ಅವರು ಖುಷಿಯಾಗಿ ತೆಗೆದುಕೊಳ್ಳುತ್ತಾರೆ.

ಪೆಟ್ರೋಲು, ಡೀಸೆಲ್ ನೀರಿನ ಮೇಲೆ ತೇಲುತ್ತವೆ. ಲೋಹದ ಜಿಡ್ಡು ತೆಗೆಯುವ ಕ್ಲೋರಿನ್ ಬೆರೆತ ದ್ರಾವಕಗಳು ನೀರಿಗಿಂತ ಭಾರ, ಅವು ಅಂತರ್ಜಲದ ತಳಕ್ಕೇ ಇಳಿದು ಕೂರುತ್ತವೆ. ಅಲ್ಲಿಂದ ತೆಗೆಯೋದು ತುಂಬಾ ಕಷ್ಟ.

ಬಚ್ಚಲಮನೆ

ಮನೆಯ ಕಸದ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಾನು ಕೇಳುತ್ತೇನೆ. ಅವಧಿ ಮುಗಿದ ಮಾತ್ರೆ, ಸಿರಪ್ಪು ಎಲ್ಲ ನಾವು ಶೌಚಕ್ಕೆ ಹಾಕಿ ನೀರು ಬಿಡುತ್ತೇವೆ. ಮಕ್ಕಳ ಕೈಗೆ ಸಿಗಬಾರದು ಅಂತ. ಅದು ತಪ್ಪಾ?

ಅಂತರ್ಜಲ

ಮಕ್ಕಳ ಕೈಗೆ ಸಿಗಬಾರದು ಅನ್ನೋದು ಸರಿ ಅಕ್ಕ. ಆದರೆ ಶೌಚಕ್ಕೆ ಹಾಕಿದ್ದು ನಿಮ್ಮದೇ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಇಂಗಿ ನಿಮ್ಮದೇ ನೆಲಕ್ಕೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಲಸ ಮಾಡೋದು ಸೂಕ್ಷ್ಮಾಣುಗಳು. ಅವು ಮಲವನ್ನು ಕರಗಿಸುತ್ತವೆ, ಔಷಧಿ, ಬಣ್ಣ, ತಿನ್ನರು ಇವನ್ನೆಲ್ಲ ಕರಗಿಸೋದು ಅವುಗಳ ಕೈಲಾಗೋದಿಲ್ಲ. ಫಿನೈಲು, ಆ್ಯಸಿಡ್ಡು ಧಾರಾಳವಾಗಿ ಸುರಿದರೆ ಆ ಸೂಕ್ಷ್ಮಾಣುಗಳೂ ಸಾಯುತ್ತವೆ.

ಮಾತ್ರೆಗಳನ್ನು ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿ ಕೊಡಿ. ಇಲ್ಲದಿದ್ದರೆ ಮಣ್ಣಿನ ಜೊತೆ ಕಲಸಿ, ಗಟ್ಟಿ ಚೀಲದಲ್ಲಿ ಕಟ್ಟಿ, ಕಸ ಒಯ್ಯುವವರಿಗೆ ಕೊಡಿ. ಕೊಳವೆ ದೀಪದಲ್ಲಿ ಪಾದರಸ ಇರುತ್ತದೆ, ಒಡೆಯದೆ ಡಬ್ಬಿಯಲ್ಲಿಡಿ. ಸಣ್ಣ ಬ್ಯಾಟರಿ ಸೆಲ್ಲುಗಳನ್ನು ಒಂದು ಬಾಟಲಿಯಲ್ಲಿ ಕೂಡಿಟ್ಟು ಎಲೆಕ್ಟ್ರಾನಿಕ್ ಕಸದ ಜೊತೆ ಕಳಿಸಿ. ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ತೆಗೆಸಬೇಕು. ತುಂಬಿದ ಟ್ಯಾಂಕಿನಿಂದ ಹೂಳೇ ಹೊರಗೆ ಹರಿದು ಇಂಗುಗುಂಡಿ ಕಟ್ಟಿಕೊಳ್ಳುತ್ತದೆ.

ಕೊಟ್ಟಿಗೆ

ಓದುತ್ತಾ ಬಂದೆ. ನಮ್ಮ ತಿಪ್ಪೆಯೂ ಮೇಲ್ಭಾಗದಲ್ಲೇ ಇದೆ, ಅದನ್ನು ಬದಲಾಯಿಸಬೇಕು ಅನ್ನೋದು ಒಪ್ಪಿದೆ. ಆದರೆ ಗಂಜಲ, ಸೈಲೇಜಿನಿಂದ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವು) ಇಳಿಯುವ ರಸ, ಸತ್ತ ಕರು, ಇವೆಲ್ಲ ದಿನಾ ಇರುವ ಸಮಸ್ಯೆ. ಜಾಗ ಬದಲಾಯಿಸಿದರೆ ಅಲ್ಲಿ ಇಂಗೋದಿಲ್ವಾ?

ಗೊಬ್ಬರಗುಂಡಿ

ಇಂಗುತ್ತದೆ, ಅದಕ್ಕೇ ನೆಲ ಗಟ್ಟಿ ಮಾಡಬೇಕು. ಕಾಂಕ್ರೀಟಾದರೆ ಒಳ್ಳೆಯದು. ಆಗದಿದ್ದರೆ ಜೇಡಿಮಣ್ಣು ದಪ್ಪಗೆ ಹಾಸಿ ಬಡಿದು ಬಿಗಿ ಮಾಡಿ. ಮೇಲೆ ಚಪ್ಪರ ಇಲ್ಲವೇ ದಪ್ಪ ಟಾರ್ಪಾಲು ಹಾಕಿ. ಮೇಲಿನಿಂದ ಬರುವ ಮಳೆನೀರು ರಾಶಿಗೆ ತಾಗದಂತೆ ಬದು ಹಾಕಿ ಬೇರೆ ಕಡೆ ತಿರುಗಿಸಿ. ಕೆಳಬದಿಗೆ ಒಂದು ಸಣ್ಣ ತೊಟ್ಟಿ ಕಟ್ಟಿಸಿ, ಸೋರಿದ ರಸ ಅಲ್ಲಿ ನಿಲ್ಲಲಿ. ಅದನ್ನು ಬೆಳೆಗೆ ನೀರು ಬೆರೆಸಿ ಕೊಡಬಹುದು. ನಿಜ ಹೇಳಬೇಕೆಂದರೆ ಮಳೆಯಲ್ಲಿ ನೆನೆಯುವ ತಿಪ್ಪೆಯಿಂದ ಸಾರಜನಕ ಹೊರಟುಹೋಗಿ ನಿಮಗೆ ಉಳಿಯೋದು ಬರೀ ಸಿಪ್ಪೆ. ಬಾವಿಗೆ ಹೋದ ನೈಟ್ರೇಟ್ ನಿಮ್ಮ ಬೆಳೆಗೆ ಸೇರಬೇಕಾಗಿದ್ದ ಗೊಬ್ಬರವೇ ಅಲ್ವಾ.

ಕಾಂಪೋಸ್ಟ್ ಸರಿಯಾಗಿ ಆದರೆ ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿ ಕೆಲವು ದಿನ ನಿಂತರೆ ಹೆಚ್ಚಿನ ರೋಗಾಣು, ಕಳೆಬೀಜ ಸಾಯುತ್ತವೆ. ಅಂಚಿನಲ್ಲಿದ್ದದ್ದು ಒಳಗೆ ಹೋಗುವಂತೆ ತಿರುವಿ ಹಾಕಬೇಕು, ಇಲ್ಲದಿದ್ದರೆ ಅಂಚು ತಣ್ಣಗೇ ಉಳಿಯುತ್ತದೆ. ಗೊಬ್ಬರ ಹಾಕುವಾಗ ಬೆಳೆ ಎಷ್ಟು ಹೀರುತ್ತದೋ ಅಷ್ಟೇ ಹಾಕಿ. ಜೋರು ಮಳೆ ಬರುವ ಮುನ್ಸೂಚನೆ ಇದ್ದರೆ ಹಾಕಲೇಬೇಡಿ.

ಸೈಲೇಜು ರಸವನ್ನು ಹಗುರವಾಗಿ ನೋಡಬೇಡಿ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುವ ಶಕ್ತಿ ಮನೆಯ ಕೊಳಚೆಗಿಂತ ನೂರಾರು ಪಟ್ಟು ಹೆಚ್ಚಿರಬಹುದು. ಹಸಿ ಮೇವನ್ನು ಸ್ವಲ್ಪ ಬಾಡಿಸಿ ತುಂಬಿದರೆ ರಸವೇ ಕಡಿಮೆ ಬರುತ್ತದೆ.

ಸತ್ತ ಪ್ರಾಣಿಯನ್ನು ಬಾವಿ ಹತ್ತಿರ, ತಗ್ಗಿನ ಜಾಗದಲ್ಲಿ ಹೂಳಬೇಡಿ. ರೋಗ ಬಂದು ಸತ್ತಿದ್ದರೆ ಮೊದಲು ಪಶುವೈದ್ಯರನ್ನು ಕೇಳಿ. ಕೆಲವು ರೋಗಕ್ಕೆ ಬೇರೆಯೇ ನಿಯಮ ಇರುತ್ತದೆ. ಉಳಿದಂತೆ ನೆಲದ ಮೇಲೆ ಮರದ ಚಕ್ಕೆ ಎರಡಡಿ ಹಾಸಿ, ಮೇಲೆ ಪ್ರಾಣಿಯನ್ನಿಟ್ಟು, ಮತ್ತೆ ಎರಡಡಿ ಮುಚ್ಚಿ ಕಾಂಪೋಸ್ಟ್ ಮಾಡುವ ಕ್ರಮವೂ ಇದೆ. ನಾಯಿ ನರಿ ಎಳೆಯದಂತೆ ಬೇಲಿ ಬೇಕು. ಇದಕ್ಕೆ ಅನುಮತಿ ಇದೆಯಾ ಅಂತಲೂ ಅವರನ್ನೇ ಕೇಳಿ.

ಇಳಿಜಾರು

ಬತ್ತಿದ ಬಾವಿಯ ವಿಷಯ ಎಲ್ಲರೂ ಬಿಟ್ಟುಬಿಟ್ಟಿರಿ. ನನ್ನ ಪ್ರಕಾರ ಈ ತೋಟದಲ್ಲಿ ಅತಿ ದೊಡ್ಡ ಅಪಾಯ ಅದೇ. ಸೋಸುವ ಮಣ್ಣೇ ಇಲ್ಲದೆ ಕಸ ಸೀದಾ ಅಂತರ್ಜಲಕ್ಕೆ ಇಳಿಯುವ ಬಾಗಿಲು ಅದು. ಈಗ ಬತ್ತಿದ್ದರೂ ಮಳೆಗಾಲದಲ್ಲಿ ಕೆಳಗಿಂದ ನೀರು ಏರಿ ಆ ಕಸವನ್ನು ನೆನೆಸಿ ಹೋಗುತ್ತದೆ.

ಕೈಮುಗಿದು ಕೇಳುತ್ತೇನೆ, ಕಸ ತೆಗೆಯೋಕೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ. ಕೊಳೆತ ಕಸದಿಂದ ಇಂಗಾಲದ ಡೈಆಕ್ಸೈಡ್, ಮೀಥೇನ್, ಹೈಡ್ರೋಜನ್ ಸಲ್ಫೈಡ್ ಬರುತ್ತವೆ, ಆಮ್ಲಜನಕ ಕಡಿಮೆ ಇರುತ್ತದೆ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತೋಕೆ ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಉಳಿಯೋದಿಲ್ಲ. ದೀಪ ಇಳಿಸಿ ನೋಡುವ ಪದ್ಧತಿಯನ್ನು ನಂಬಬೇಡಿ. ದೀಪ ಉರಿಯುತ್ತಿದ್ದರೂ ಹೈಡ್ರೋಜನ್ ಸಲ್ಫೈಡ್ ಕೊಲ್ಲಬಹುದು, ಮೀಥೇನ್ ಇದ್ದರೆ ದೀಪದಿಂದಲೇ ಬೆಂಕಿ ಹತ್ತಬಹುದು. ಯಂತ್ರದ ಕೈಯಿಂದ ಮೇಲಿನಿಂದಲೇ ತೆಗೆಸಿ. ಗಾಳಿ ಅಳೆಯುವ ಸಾಧನ, ಉಸಿರಾಟದ ಸಲಕರಣೆ ಇರುವವರಿಗೆ ಮಾತ್ರ ಒಳಗಿನ ಕೆಲಸ.

ಕಸ ಪೂರ್ತಿ ತೆಗೆದ ಮೇಲೆ ಮುಚ್ಚಬೇಕು. ಕಟ್ಟಡದ ಅವಶೇಷ, ಡಾಂಬರು ತುಂಡು ತುಂಬಬೇಡಿ. ಶುದ್ಧವಾದ ಜಲ್ಲಿ, ಮರಳು ಕೆಳಗೆ, ಮೇಲಿನ ಭಾಗಕ್ಕೆ ನೀರು ಇಳಿಯದ ಜೇಡಿಮಣ್ಣು ಅಥವಾ ಬೆಂಟೊನೈಟ್ (ನೀರು ತಾಗಿದರೆ ಉಬ್ಬಿ ಬಿಗಿಯಾಗುವ ಒಂದು ಜೇಡಿ), ಕಡೆಗೆ ನೆಲಕ್ಕಿಂತ ಸ್ವಲ್ಪ ಉಬ್ಬಿದಂತೆ ಮಣ್ಣು. ಅಲ್ಲಿಯವರೆಗೆ ಇವತ್ತೇ ಸುತ್ತ ಬೇಲಿ ಹಾಕಿಸಿ.

ತೋಟದಮನೆ

ಬೇಲಿ ಹಾಕಿಸಿದೆವು. ಯಂತ್ರದವರಿಗೆ ಹೇಳಿದ್ದೇವೆ. ನೀರಿನ ವರದಿಯೂ ಬಂತು. ಇ. ಕೋಲಿ ಇದೆ ಅಂತ ಬಂದಿದೆ. ‘ನೈಟ್ರೇಟ್ ನೈಟ್ರೋಜನ್’ ಅಂತ ಬರೆದು 14 ಮಿಲಿಗ್ರಾಂ ಅಂತಿದೆ. ಮಿತಿ 50 ಅಂದಿರಿ, ಹಾಗಾದರೆ ನೈಟ್ರೇಟ್ ವಿಷಯದಲ್ಲಿ ನಾವು ಸುರಕ್ಷಿತ ಅಲ್ವಾ? ಬ್ಲೀಚಿಂಗ್ ಪೌಡರ್ ಹಾಕಿದರೆ ಉಳಿದದ್ದು ಸರಿ ಹೋಗುತ್ತಾ?

ಅಂತರ್ಜಲ

ಇಲ್ಲ ಸರ್, ಸುರಕ್ಷಿತ ಅಲ್ಲ. ಎರಡು ರೀತಿಯಲ್ಲಿ ಬರೆಯುತ್ತಾರೆ. ನೈಟ್ರೇಟ್ ಅಂತ ಬರೆದರೆ 50 ಮಿತಿ. ನೈಟ್ರೇಟ್ ನೈಟ್ರೋಜನ್ ಅಂತ ಬರೆದರೆ ಅದರೊಳಗಿನ ಸಾರಜನಕದ ತೂಕ ಮಾತ್ರ. ಅದನ್ನು 4.43ರಿಂದ ಗುಣಿಸಬೇಕು. ನಿಮ್ಮದು ಸುಮಾರು 62 ಆಯಿತು, ಮಿತಿ ದಾಟಿದೆ. ಕೂಸಿಗೆ ಈ ನೀರು ಬೇಡವೇ ಬೇಡ. ಮನೆಯಲ್ಲಿ ಬಸುರಿಯರಿದ್ದರೆ ಅವರಿಗೂ ಬೇರೆ ನೀರೇ ಒಳ್ಳೆಯದು.

ಇ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಇದ್ದರೆ ಮಲ ಅಥವಾ ಸಗಣಿಯ ಅಂಶ ಬಾವಿಗೆ ಸೇರುತ್ತಿದೆ ಅಂತ ಅರ್ಥ. ಅದಕ್ಕೆ ಬ್ಲೀಚಿಂಗ್ ಪೌಡರ್ ಕೆಲಸ ಮಾಡುತ್ತದೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಬರುವುದು ಲೀಟರ್. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಒಳ್ಳೆ ಗುಣಮಟ್ಟದ ಪುಡಿ 1,000 ಲೀಟರಿಗೆ ಸುಮಾರು 2.5 ಗ್ರಾಂ, ಹಾಗಾಗಿ ಇಲ್ಲಿ 70 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದು ಬೆರೆಸಿ. ಕನಿಷ್ಠ ಒಂದು ಗಂಟೆ ನೀರು ಮುಟ್ಟಬೇಡಿ. ರಾತ್ರಿ ಹಾಕಿದರೆ ಅನುಕೂಲ. ನೀರು ಕದಡಿದ್ದರೆ ಇಷ್ಟು ಸಾಲೋದಿಲ್ಲ.

ಆದರೆ ಕ್ಲೋರಿನ್ ನೈಟ್ರೇಟನ್ನು ತೆಗೆಯೋದಿಲ್ಲ, ಕೀಟನಾಶಕವನ್ನೂ ಅಲ್ಲ, ಆಯಿಲನ್ನೂ ಅಲ್ಲ. ತಿಪ್ಪೆ ಅಲ್ಲೇ ಇದ್ದರೆ ಮುಂದಿನ ಮಳೆಗೆ ಇ. ಕೋಲಿ ಮತ್ತೆ ಬರುತ್ತದೆ. ತಿಪ್ಪೆ ಎತ್ತಿದ ಮೇಲೂ ನೈಟ್ರೇಟ್ ಕೂಡಲೇ ಇಳಿಯೋದಿಲ್ಲ, ಮಣ್ಣಿನಲ್ಲಿ ಈಗಾಗಲೇ ಇಳಿದದ್ದು ನಿಧಾನವಾಗಿ ಬರುತ್ತಲೇ ಇರುತ್ತದೆ. ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಕುಡಿಯುವ ನೀರಿಗೆ ಆರ್‌ಓ ಯಂತ್ರ ಹಾಕಬಹುದು, ಅದು ನೈಟ್ರೇಟ್ ತಗ್ಗಿಸುತ್ತದೆ. ಹಾಕಿದ ಮೇಲೆ ಅದರಿಂದ ಬಂದ ನೀರನ್ನೂ ಪರೀಕ್ಷೆ ಮಾಡಿಸಿ. ಬರೀ ಬಟ್ಟೆಯಲ್ಲಿ ಸೋಸೋದು, ಇದ್ದಿಲ ಫಿಲ್ಟರು ಇದಕ್ಕೆ ಆಗೋದಿಲ್ಲ.

ತೋಟದಮನೆ

ಅರ್ಥವಾಯಿತು ಸರ್. ತಿಪ್ಪೆ ಎತ್ತುವ ಕೆಲಸ ಈ ವಾರವೇ ಶುರು. ಮತ್ತೆ ಪರೀಕ್ಷೆ ಯಾವಾಗ ಮಾಡಿಸಲಿ?

ಅಂತರ್ಜಲ

ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಒಂದು ಸಲ, ಆಮೇಲೆ ಮೊದಲ ದೊಡ್ಡ ಮಳೆಯಾದ ಮೇಲೆ ಒಂದು ಸಲ. ಕೆಟ್ಟ ಫಲಿತಾಂಶ ಬರುವುದಿದ್ದರೆ ಆಗಲೇ ಬರುತ್ತದೆ. ನಂತರ ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ತನ್ನಿ, ಮುಚ್ಚಳದ ಒಳಬದಿ ಮುಟ್ಟಬೇಡಿ, ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಿ. ಬಾವಿಕಟ್ಟೆ ಹತ್ತಿರ ಅಷ್ಟು ಕಾಲ ಕ್ಯಾನು ತೊಳೆದಿದ್ದಾರೆ ಅಂದಿರಲ್ಲ, ಈ ಸಲ ಕೀಟನಾಶಕವನ್ನೂ ನೋಡಲು ಹೇಳಿ. ಅದು ಸಾಮಾನ್ಯ ಪರೀಕ್ಷೆಯಲ್ಲಿ ಸೇರಿರೋದಿಲ್ಲ, ಬೇರೆಯಾಗಿ ಕೇಳಬೇಕು. ಯಾವ ಬೆಳೆಗೆ ಏನೇನು ಹೊಡೆಯುತ್ತಿದ್ದರು ಅಂತ ಹಿಂದಿನವರನ್ನು ಕೇಳಿ ಹೆಸರು ಬರೆದುಕೊಂಡು ಹೋದರೆ ಅವರಿಗೆ ಹುಡುಕೋದು ಸುಲಭ.